ಗರ್ಭಪಾತದ ಕಾನೂನು ಮಿತಿ: ಗಾಲ್ವೇಯಿಂದ ಸಂಸತ್ತಿನವರೆಗೆ

ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇಯಲ್ಲಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಿದ್ದರೂ ಭ್ರೂಣದ ಹೃದಯ ಬಡಿತ ನಿಂತಿಲ್ಲವೆಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಲಾಗಿತ್ತು, ನಂಜು ರಕ್ತಕ್ಕೇರಿತು. ಅಲ್ಲಿನ ಸಂವಿಧಾನದ 8ನೇ ತಿದ್ದುಪಡಿ (1983) ಭ್ರೂಣಕ್ಕೂ ತಾಯಿಗೂ ಸಮಾನ ಜೀವಿಸುವ ಹಕ್ಕು ಕೊಟ್ಟಿತ್ತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4 ಮಂದಿ ಅದರ ರದ್ದತಿಗೆ ಮತ ಹಾಕಿದರು.

ಇತ್ತ ಭಾರತದಲ್ಲಿ, ಗರ್ಭಪಾತದ ವಿಷಯ ಪರಿಶೀಲಿಸಿದ ಶಾಂತಿಲಾಲ್ ಷಾ ಸಮಿತಿಯ ವರದಿಯಿಂದ ಬಂದದ್ದು ವೈದ್ಯಕೀಯ ಗರ್ಭಪಾತ ಕಾಯ್ದೆ, 1971. ಆಗ ಮಿತಿ 20 ವಾರವಾಗಿತ್ತು. ಅದನ್ನು 24 ವಾರಕ್ಕೆ ಏರಿಸುವ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2020ರ ಮಾರ್ಚ್ 17ರಂದು, ರಾಜ್ಯಸಭೆ 2021ರ ಮಾರ್ಚ್ 16ರಂದು ಅಂಗೀಕರಿಸಿದವು. ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ವಿರೋಧ ಪಕ್ಷಗಳ ಬೇಡಿಕೆ ಬಿದ್ದುಹೋಯಿತು.

ಆದರೆ 24 ವಾರ ಎಲ್ಲರಿಗೂ ಎಂದು ತಿಳಿಯಬೇಡಿ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ಕ್ಕೆ ಇಬ್ಬರು, ಅದೂ ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತೆಯರು ಮೊದಲಾದ ನಿಗದಿತ ವರ್ಗಗಳಿಗೆ. ಮುಂದೆ ಭ್ರೂಣದ ಗಂಭೀರ ನ್ಯೂನತೆಗೆ ವೈದ್ಯಕೀಯ ಮಂಡಳಿ. 3 ದಿನದಲ್ಲಿ ಅದರ ಅಭಿಪ್ರಾಯ. ಅವಿವಾಹಿತೆಯರಿಗೂ 24 ವಾರದ ಅವಕಾಶ ಅನ್ವಯವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಸೆಪ್ಟೆಂಬರ್ 29ರಂದು.