ಮಳೆಗಾಲಕ್ಕೆ ಮುನ್ನ ಚೈನ್‌ಸಾ ಟ್ಯಾಂಕ್ ಬರಿದಾಗಲಿ

ಪುಣೆ ಜಿಲ್ಲೆಯ ಮಾವಳ, ಮುಳಶಿ, ಭೋರ್ ತಾಲ್ಲೂಕುಗಳಲ್ಲಿ ಚೈನ್‌ಸಾಗೆ ಕೆಲಸ ಬೀಳುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಬದುವಿನ ಜಾಲಿ ಸವರುವುದು, ಒಣಗಿದ ಮಾವಿನ ಕೊಂಬೆ ತೆಗೆಯುವುದು, ಮಳೆಗಾಲಕ್ಕೆ ಸೌದೆ ಕೊಯ್ಯುವುದು ಎಲ್ಲ ಆಗಲೇ. ಜೂನ್‌ನಲ್ಲಿ ಮಳೆ ಹಿಡಿದರೆ ಯಂತ್ರ ಮೂಲೆ ಸೇರುತ್ತದೆ. ಮತ್ತೆ ಕೈಗೆ ಬರುವುದು ದೀಪಾವಳಿ ಸುಮಾರಿಗೆ. ಆಗ ಹಗ್ಗ ಎಷ್ಟು ಜಗ್ಗಿದರೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ದೂರೆಲ್ಲ ಕಂಪನಿಯ ಮೇಲೆ, ಇಲ್ಲವೇ ಥಂಡಿಯ ಮೇಲೆ. ಲೋಣಾವಳದ ಸುತ್ತ ವರ್ಷಕ್ಕೆ 4000 ಮಿ.ಮೀ. ದಾಟಿ ಮಳೆ ಸುರಿಯುವಾಗ ಥಂಡಿಯ ಪಾಲೂ ಇದ್ದೇ ಇದೆ. ಆದರೆ ಚೈನ್‌ಸಾ ಕೆಡುವುದಕ್ಕೆ ಮೊದಲ ಕಾರಣ ಹೊರಗಿನ ಮಳೆಯಲ್ಲ, ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್.

ಬಂಕಿನಲ್ಲಿ ಈಗ ಸಿಗುವ ಪೆಟ್ರೋಲ್ ಹತ್ತು ವರ್ಷದ ಹಿಂದಿನದ್ದಲ್ಲ. 2013-14ರಲ್ಲಿ ದೇಶದ ಪೆಟ್ರೋಲಿಗೆ ಬೆರೆಯುತ್ತಿದ್ದ ಎಥನಾಲ್ ಶೇ. 1.5ರಷ್ಟು, 2022ರ ಜೂನ್ ಹೊತ್ತಿಗೆ ಅದು ಶೇ. 10 ಆಯಿತು, 2025ರಲ್ಲಿ ಶೇ. 20 ಮುಟ್ಟಿತು. ಬಾರಾಮತಿ, ಜುನ್ನರ್ ಕಡೆಯ ಕಬ್ಬು ಬೆಳೆಗಾರರಿಗೆ ಇದು ಒಳ್ಳೆಯ ಸುದ್ದಿಯೇ. ಎಥನಾಲನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ಹಳತಾಗುವ ಮೊದಲೇ ಉರಿದುಹೋಗುತ್ತದೆ. ನಾಲ್ಕು ತಿಂಗಳು ಸುಮ್ಮನೆ ಕೂರುವ ಯಂತ್ರದ ಕಥೆ ಬೇರೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ನೀರು ಮಿತಿ ದಾಟಿದಾಗ, ಅದರಲ್ಲೂ ರಾತ್ರಿ ತಂಪು ಇಳಿದಾಗ, ನೀರು ಮತ್ತು ಎಥನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಥನಾಲ್ ಹೆಚ್ಚಿದ್ದಷ್ಟೂ ನೀರನ್ನು ತಡೆದುಕೊಳ್ಳುವ ಶಕ್ತಿಯೂ ಹೆಚ್ಚು ಎಂಬುದು ನಿಜ, ಆದರೆ ಬೇರ್ಪಟ್ಟಾಗ ತಳ ಸೇರುವ ಪದರವೂ ಅಷ್ಟೇ ದಪ್ಪ. ಚೈನ್‌ಸಾ ಎಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿಗೆ ಬೆರೆಸಿದ ಟೂ-ಟಿ ಆಯಿಲ್‌ನಿಂದ ಮಾತ್ರ. ಆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಪೈಪಿನ ತುದಿಗಿರುವ ಭಾರದ ಫಿಲ್ಟರ್ ಮಾತ್ರ ತಳದಲ್ಲಿ ಬಿದ್ದಿರುತ್ತದೆ. ಎಣ್ಣೆಯಿಲ್ಲದ ಪದರವನ್ನೇ ಅದು ಹೀರಿಕೊಡುತ್ತದೆ. ಎಂಜಿನ್ ಹೊತ್ತಿಕೊಳ್ಳದಿದ್ದರೆ ಬಚಾವು. ಹೊತ್ತಿಕೊಂಡರೆ ಪಿಸ್ಟನ್ ಜಾಮ್ ಆಗುವ ಭಯ. ಜೊತೆಗೆ ಹಳೆಯ ಪೆಟ್ರೋಲ್ ಆವಿಯಾಗಿ ಉಳಿಸುವ ಅಂಟು ಕಾರ್ಬ್ಯುರೇಟರಿನ ಕೂದಲೆಳೆಯಷ್ಟು ಸಣ್ಣ ತೂತುಗಳನ್ನು ಮುಚ್ಚಿಹಾಕುತ್ತದೆ.

ಟ್ಯಾಂಕ್ ತುಂಬಿಸಿಟ್ಟರೆ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ರೂಢಿಯಲ್ಲಿದೆ. ಹಳೆಯ ಕಬ್ಬಿಣದ ಟ್ಯಾಂಕುಗಳಿಗೆ ಅದು ಸರಿ. ಚೈನ್‌ಸಾಗಳ ಟ್ಯಾಂಕ್ ಸಾಮಾನ್ಯವಾಗಿ ಪ್ಲಾಸ್ಟಿಕ್, ಅದಕ್ಕೆಲ್ಲಿಯ ತುಕ್ಕು? ತಿಂಗಳಿಗೊಮ್ಮೆ ಎರಡು ನಿಮಿಷ ಓಡಿಸಿದರೆ ಸಾಲದೇ ಎನ್ನುವವರೂ ಇದ್ದಾರೆ. ಅಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಹಳೆಯ ಮಿಶ್ರಣವೂ ಬದಲಾಗುವುದಿಲ್ಲ. ಮೆಕ್ಯಾನಿಕ್‌ಗಳ ಆಕ್ಷೇಪಕ್ಕೆ ಇವೆರಡಕ್ಕಿಂತ ತೂಕ ಹೆಚ್ಚು: ಪೂರ್ತಿ ಒಣಗಿಸಿದರೆ ಕಾರ್ಬ್ಯುರೇಟರಿನ ಡಯಾಫ್ರಾಮ್ ಬಿರುಸಾಗುತ್ತದೆ ಎನ್ನುತ್ತಾರೆ. ವರ್ಷಗಟ್ಟಲೆ ಇಟ್ಟರೆ ಹಾಗಾಗುವುದುಂಟು. ಒಂದು ಮಳೆಗಾಲದ ಮಟ್ಟಿಗೆ ಕೆಟ್ಟ ಪೆಟ್ರೋಲಿನಲ್ಲಿ ನೆನೆದು ಉಬ್ಬುವುದೇ ದೊಡ್ಡ ಅಪಾಯ. ಪ್ರಮುಖ ತಯಾರಕರ ಕೈಪಿಡಿಗಳೂ ಟ್ಯಾಂಕ್ ಖಾಲಿ ಮಾಡಿಯೇ ಇಡಿ ಎನ್ನುತ್ತವೆ. ಇನ್ನು ಮಳೆಗಾಲದಲ್ಲೇ ಮರ ಬಿದ್ದರೆ? 2020ರ ಜೂನ್ 3ರ ನಿಸರ್ಗ ಚಂಡಮಾರುತವನ್ನು ಕಂಡ ಜಿಲ್ಲೆ ಈ ಪ್ರಶ್ನೆಯನ್ನು ಕೇಳಲೇಬೇಕು. ಅರ್ಧ ಲೀಟರ್ ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಲು ಐದು ನಿಮಿಷ ಸಾಕು. ತೊಳೆದು ಒಣಗಿಸಿದ ಕ್ಯಾನ್, ಟೂ-ಟಿ ಆಯಿಲ್ ಬಾಟಲಿ ಯಂತ್ರದ ಪಕ್ಕದಲ್ಲೇ ಇದ್ದರೆ ಆಯಿತು. ಬೆರೆಸಿಟ್ಟದ್ದು ಮಾತ್ರ ತಿಂಗಳು ದಾಟಬಾರದು.

ಕೆಲಸ ಕಷ್ಟದ್ದೇನಲ್ಲ. ಕೊನೆಯ ದಿನ ಬೇಕಾದಷ್ಟೇ ಪೆಟ್ರೋಲ್ ಹಾಕಿ. ಉಳಿದದ್ದನ್ನು ಬಯಲಿನಲ್ಲಿ, ಬೀಡಿ-ಬೆಂಕಿಯಿಂದ ದೂರ, ಕ್ಯಾನಿಗೆ ಬಗ್ಗಿಸಿ. ಆಮೇಲೆ ಎಂಜಿನ್ ತಾನಾಗಿ ನಿಲ್ಲುವವರೆಗೆ ನಿಧಾನ ವೇಗದಲ್ಲಿ ಓಡಿಸಿ. ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದು ಟೀ ಚಮಚ ಟೂ-ಟಿ ಆಯಿಲ್ ಬಿಟ್ಟು, ಹಗ್ಗವನ್ನು ಮೂರ್ನಾಲ್ಕು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಿ. ಬಾರ್, ಚೈನ್ ಕಳಚಿ ಬಾರಿನ ಸೀಳಿನಲ್ಲಿ ಸಿಕ್ಕ ಹೊಟ್ಟು ಕೆರೆದು ತೆಗೆಯಿರಿ. ಹಸಿ ಹೊಟ್ಟು ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಚೈನಿಗೆ ಎಣ್ಣೆ ಸವರಿ, ಏರ್ ಫಿಲ್ಟರ್ ಸ್ವಚ್ಛ ಮಾಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ. ಯೂರಿಯಾ ಮೂಟೆಗಳಿರುವ ಕೋಣೆಯೂ ಬೇಡ, ಗೊಬ್ಬರದ ಉಪ್ಪು ಲೋಹವನ್ನು ತಿನ್ನುತ್ತದೆ. ದನದ ಕೊಟ್ಟಿಗೆಯಂತೂ ಬೇಡವೇ ಬೇಡ. ಇಲಿಗಳಿಗೆ ಪೈಪು ಕಡಿಯುವ ಚಾಳಿ ಇರುವುದರಿಂದ ಗೋಡೆಗೆ ಎತ್ತರದಲ್ಲಿ ತೂಗುಹಾಕಿ. ಇಷ್ಟನ್ನೂ ಮೇ ತಿಂಗಳ ಕೊನೆಯ ವಾರದೊಳಗೆ ಮುಗಿಸಿ.