ಬೆಳೆಗೆ ಬೇಲಿ ಇದ್ದಂತೆ ಕೂಸಿಗೂ ಬೇಲಿ



ಹೊಲಕ್ಕೆ ಕಾಡುಹಂದಿ ನುಗ್ಗುವ ದಾರಿ ಗೊತ್ತಾದರೆ ನಾವು ಅಲ್ಲಿ ಮುಳ್ಳುಬೇಲಿ ಹಾಕುತ್ತೇವೆ. ರಾತ್ರಿಯೆಲ್ಲ ಕುಳಿತು ಕಾಯುತ್ತೇನೆಂದು ಯಾರೂ ಸುಮ್ಮನಿರುವುದಿಲ್ಲ. ಕಾವಲುಗಾರನಿಗೆ ನಿದ್ದೆ ಬರುತ್ತದೆ, ಬೇಲಿಗೆ ಬರುವುದಿಲ್ಲ. ಮನೆಯ ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆಯನ್ನು ಮರೆಯುತ್ತೇವೆ. “ಕೂಸಿನ ಮೇಲೆ ಕಣ್ಣಿಡು” ಎಂದು ಅಜ್ಜಿಗೋ ಎಂಟು ವರ್ಷದ ಅಕ್ಕನಿಗೋ ಹೇಳಿ ಹೊಲಕ್ಕೆ ಹೊರಡುತ್ತೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬೇಸಾಯ ಹೆಚ್ಚಾಗಿ ಮಳೆಯನ್ನು ನಂಬಿದ್ದು. ಹದ ಬಂದಾಗ ಬಿತ್ತಬೇಕು. ಶೇಂಗಾ ಕೀಳುವಾಗ, ಮೆಕ್ಕೆಜೋಳ ಮುರಿಯುವಾಗ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಅಂಥ ದಿನಗಳಲ್ಲಿಯೇ ಕಣ್ಣು ತಪ್ಪುವುದು ಹೆಚ್ಚು. ಆದ್ದರಿಂದ ಅಪಾಯಕ್ಕೂ ಮಗುವಿಗೂ ನಡುವೆ ಒಂದು ತಡೆ ಇರಬೇಕು. ಅದಕ್ಕೆ ಮೂರು ಉಪಾಯಗಳಿವೆ: ಮುಚ್ಚುವುದು, ಎತ್ತಿಡುವುದು, ಬೇಲಿ ಹಾಕುವುದು.

ಮೊದಲು ಒಂದು ಕೆಲಸ ಮಾಡಿ. ನೆಲದ ಮೇಲೆ ಕುಳಿತು, ಅಂಬೆಗಾಲಿಡುವ ಕೂಸಿನ ಎತ್ತರದಿಂದ ನಿಮ್ಮ ಮನೆಯನ್ನು ನೋಡಿ. ಕೈಗೆ ಏನೇನು ಸಿಗುತ್ತದೆ, ಬಾಯಿಗೆ ಏನೇನು ಹೋಗುತ್ತದೆ, ಎಲ್ಲಿ ಬೀಳಬಹುದು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

೧. ನೀರು

ಕೂಸು ಮುಳುಗಲು ಕೆರೆಯೇ ಬೇಕಿಲ್ಲ. ಒಂದು ವರ್ಷದ ಮಗುವಿನ ತಲೆ ಅದರ ಮೈಯ ಅಳತೆಗೆ ಹೋಲಿಸಿದರೆ ಭಾರ. ಅರ್ಧ ಬಕೆಟ್ ನೀರಿನಲ್ಲಿ ತಲೆಕೆಳಗಾಗಿ ಬಿದ್ದರೆ ಎದ್ದೇಳಲಾರದು, ಕೂಗಲೂ ಆರದು. ಬಳಸಿದ ಬಕೆಟ್ಟನ್ನು ಬೋರಲು ಹಾಕಿಡಿ. ತೊಟ್ಟಿಗೆ, ಬಾನಿಗೆ, ಸಂಪಿಗೆ ಮಗು ಸರಿಸಲಾರದಂಥ ಮುಚ್ಚಳ ಮಾಡಿಸಿ.

೨೦೧೪ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಒಣ ಬೇಸಾಯದ ಹೊಲಗಳಿಗೆ ಕೃಷಿ ಹೊಂಡ ಬಂದಿತು. ಬೆಳೆಗೆ ಅದು ಆಧಾರ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಬಹಳ ಜಾರುತ್ತದೆ. ಮಗುವಿರಲಿ, ಈಜು ಬಲ್ಲ ಆಳಿಗೂ ಹತ್ತಿ ಬರುವುದು ಕಷ್ಟ. ಸುತ್ತ ಎದೆಮಟ್ಟದ ತಂತಿಬೇಲಿಯನ್ನೂ ಅಗಳಿಯಿರುವ ಬಾಗಿಲನ್ನೂ ಹಾಕಿ. ದಂಡೆಯ ಗೂಟಕ್ಕೆ ಗಂಟು ಹಾಕಿದ ದಪ್ಪ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಬಿದ್ದವರು ಹಿಡಿದು ಮೇಲೆ ಬರಲು ಅದು ಬೇಕು.

೨. ಕೊಳವೆ ಬಾವಿ ಮತ್ತು ಹಗೇವು

೨೦೧೪ರ ಆಗಸ್ಟ್ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಒಬ್ಬ ಬಾಲಕ, ೨೦೧೭ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಒಬ್ಬ ಬಾಲಕಿ ತೆರೆದ ಕೊಳವೆ ಬಾವಿಗೆ ಬಿದ್ದರು. ಇಬ್ಬರೂ ಉಳಿಯಲಿಲ್ಲ. ೨೦೨೪ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಹೊಸದಾಗಿ ಕೊರೆದ ಬಾವಿಗೆ ಬಿದ್ದ ಕೂಸನ್ನು ಸುಮಾರು ೨೦ ಗಂಟೆಗಳ ನಂತರ ಜೀವಸಹಿತ ಎತ್ತಿದರು. ಬದುಕಿ ಬಂದದ್ದು ಪುಣ್ಯ. ಆದರೆ ಒಂದು ಮುಚ್ಚಳವಿದ್ದಿದ್ದರೆ ಆ ಇಪ್ಪತ್ತು ಗಂಟೆಗಳ ಸಂಕಟವೇ ಇರುತ್ತಿರಲಿಲ್ಲ.

ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ನಿಯಮಗಳನ್ನು ಕೊಟ್ಟಿದೆ. ಕೊರೆಯುವಾಗ ಸುತ್ತ ತಂತಿಬೇಲಿ ಇರಬೇಕು. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು. ಪೈಪಿನ ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು, ಇಲ್ಲವೆ ಬೋಲ್ಟು ಹಾಕಿ ಗಟ್ಟಿಯಾಗಿ ಮುಚ್ಚಬೇಕು. ನೀರು ಬಾರದ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಗೋಣಿಚೀಲ ಮುಚ್ಚಿ ಮೇಲೊಂದು ಕಲ್ಲಿಟ್ಟರೆ ಸಾಲದು. ಅದು ಮಗುವಿನ ಕಣ್ಣಿಗೆ ಗುಂಡಿಯನ್ನು ಮರೆಮಾಡುತ್ತದೆ, ಅಷ್ಟೇ. ಮೋಟಾರು ರಿಪೇರಿಗೆಂದು ಪೈಪು ಎತ್ತಿದ ದಿನವೂ ಇದೇ ಎಚ್ಚರ ಬೇಕು. ರಿಗ್ ಗಾಡಿ ಹೊಲ ಬಿಡುವ ಮೊದಲು ಬಾವಿಯ ಬಾಯಿ ಮುಚ್ಚಿರಲಿ.

ಹಳೆಯ ಮನೆಗಳಲ್ಲಿ ಜೋಳದ ಹಗೇವು ಇದ್ದರೆ ಅದರ ಬಾಯಿಗೂ ಚಪ್ಪಡಿ ಭದ್ರವಾಗಿರಲಿ. ಕಾಳು ತುಂಬಿದ ಹಗೇವಿನೊಳಗೆ ಉಸಿರಾಟಕ್ಕೆ ಬೇಕಾದ ಗಾಳಿ ಇರುವುದಿಲ್ಲ. ಬಿದ್ದವರನ್ನು ಎತ್ತಲೆಂದು ಹಾಗೆಯೇ ಇಳಿದವರೂ ಎಚ್ಚರ ತಪ್ಪುತ್ತಾರೆ.

೩. ಬೆಳೆಯ ಔಷಧಿ

ನಾವು ‘ಎಣ್ಣೆ’, ‘ಔಷಧಿ’ ಎಂದು ಕರೆಯುವುದು ವಿಷ. ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ೨೦೧೩ರ ಜುಲೈ ೧೬ರಂದು ಊಟ ಮಾಡಿದ ಮಕ್ಕಳಲ್ಲಿ ೨೩ ಮಂದಿ ಸತ್ತರು. ಅಡಿಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ತಿಳಿಯಿತು. ಉಣ್ಣುವ ವಸ್ತುವೂ ವಿಷವೂ ಒಂದೇ ಕೋಣೆಯಲ್ಲಿ ಇರಕೂಡದು.

ಔಷಧಿಯನ್ನು ಮನೆಯ ಹೊರಗೆ, ಬೀಗವಿರುವ ಪೆಟ್ಟಿಗೆಯಲ್ಲಿ ಇಡಿ. ತಂಪು ಪಾನೀಯದ ಬಾಟಲಿಗೆ ಎಂದಿಗೂ ಸುರಿಯಬೇಡಿ. ಮಗುವಿಗೆ ಬಾಟಲಿ ಗೊತ್ತು, ಒಳಗಿನದು ಗೊತ್ತಿಲ್ಲ. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ಮಗುವಿನ ಕೈಗೆ ಸಿಗುವಂಥದ್ದಲ್ಲ. ಖಾಲಿ ಡಬ್ಬಿಯನ್ನು ನೀರಿಗೂ ಆಟಕ್ಕೂ ಕೊಡಬೇಡಿ. ಸಿಂಪಡಿಸಿದ ಬಟ್ಟೆ ಬಿಚ್ಚಿ, ಕೈಕಾಲು ತೊಳೆದ ಮೇಲೆಯೇ ಕೂಸನ್ನು ಎತ್ತಿಕೊಳ್ಳಿ. ವಿಷ ಲೇಪಿಸಿದ ಬಿತ್ತನೆ ಬೀಜ, ಇಲಿ ಪಾಷಾಣ, ಸೀಮೆಎಣ್ಣೆಗೂ ಇದೇ ಮಾತು.

೪. ಬೆಂಕಿ ಮತ್ತು ಬಿಸಿನೀರು

ನೆಲದ ಒಲೆಯ ಸುತ್ತ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಅಥವಾ ಅಡಿಗೆ ಮನೆಯ ಬಾಗಿಲಿಗೆ ಅಡ್ಡ ಹಲಗೆ ಇಡಿ. ಸಾರಿನ ಪಾತ್ರೆಯನ್ನು ನೆಲದ ಮೇಲೆ ಇಳಿಸಬೇಡಿ. ಸ್ನಾನಕ್ಕೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ.

೫. ಶೇಂಗಾ ಬೀಜ

ನಮ್ಮ ಸೀಮೆಯ ಈ ಒಳ್ಳೆಯ ಬೆಳೆ ಕೂಸಿನ ಉಸಿರಿಗೆ ಕಂಟಕವಾಗಬಲ್ಲದು. ಸಣ್ಣ ಮಕ್ಕಳಿಗೆ ಅರೆಯುವ ಹಲ್ಲು ಪೂರ್ತಿ ಬಂದಿರುವುದಿಲ್ಲ. ನಗುವಾಗ, ಅಳುವಾಗ, ಓಡುವಾಗ ಬೀಜ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಜಾರುತ್ತದೆ. ೫ ವರ್ಷ ತುಂಬುವವರೆಗೆ ಇಡೀ ಬೀಜ ಕೊಡಬೇಡಿ. ಪುಡಿ ಮಾಡಿ, ಚಟ್ನಿ ಅರೆದು ಕೊಡಿ. ಕಾಯಿ ಸುಲಿದ ಜಾಗವನ್ನು ಗುಡಿಸಿದ ಮೇಲೆ ಕೂಸನ್ನು ಬಿಡಿ. ಬೀಜ ತಿನ್ನುವಾಗ ಒಮ್ಮೆಲೇ ಕೆಮ್ಮು ಬಂದು ನಿಂತಿತೆಂದು ನಿಶ್ಚಿಂತರಾಗಬೇಡಿ. ಆಮೇಲೆ ಉಬ್ಬಸ, ಜ್ವರ ಕಾಣಿಸಿದರೆ ಬೀಜದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

೬. ಹಾವು, ಚೇಳು

ಸೌದೆ, ಕಲ್ಲುರಾಶಿ, ಮೇವಿನ ಬಣವೆಗಳು ಮನೆಯ ಗೋಡೆಗೆ ತಾಗಿ ಇರಬಾರದು. ಕಲ್ಲುಗೋಡೆಯ ಸಂದುಗಳನ್ನು ಮೆತ್ತಿ. ಕಟ್ಟಿಗೆ ಹಾವು ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಆ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ. ಮಕ್ಕಳನ್ನು ಮಂಚದ ಮೇಲೆ ಮಲಗಿಸಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಬೆಳಗ್ಗೆ ಮಗುವಿನ ರೆಪ್ಪೆ ಜೋತಿದ್ದು, ಹೊಟ್ಟೆನೋವು ಎಂದರೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ಚೇಳು ಕುಟುಕಿದ ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಅದೂ ಪ್ರಾಣಾಪಾಯವೇ.

ಅವಘಡ ಆದಾಗ

೧೦೮ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಇಷ್ಟು ತಿಳಿದಿರಲಿ.

ಸುಟ್ಟ ಗಾಯ: ೨೦ ನಿಮಿಷ ತಣ್ಣನೆಯ ನೀರು ಹರಿಸಿ. ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿ.

ವಿಷ, ಸೀಮೆಎಣ್ಣೆ: ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ಹಾವಿನ ಕಡಿತ: ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗ ಅಲುಗದಂತೆ ಹಿಡಿದು ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಸಾಗಿಸಿ.

ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿದರೆ: ಕೂಸನ್ನು ಮುಂಗೈ ಮೇಲೆ ತಲೆ ಕೆಳಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ ೫ ಪೆಟ್ಟು ಕೊಡಿ. ಕಾಣದ ವಸ್ತುವಿಗೆ ಬೆರಳು ಹಾಕಿ ಕೆದಕಬೇಡಿ.

ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸಬೇಡಿ. ಉಸಿರಾಡದಿದ್ದರೆ ಬಾಯಿಯಿಂದ ಉಸಿರು ಕೊಡುವುದೇ ಮೊದಲ ಕೆಲಸ. ಇದನ್ನು ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೇಳಿ ಕಲಿತಿರಿ.

ಊರು ಮಾಡಬೇಕಾದ್ದು

ಕೂಸಿಗೆ ಕ್ಷೇಮವಾದ ಜಾಗ ಒದಗಿಸುವುದೂ ಒಂದು ಬೇಲಿಯೇ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ೧ರಿಂದ ೫ ವರ್ಷದ ಮಕ್ಕಳನ್ನು ಊರಿನದೇ ಒಂದು ಮನೆಯಲ್ಲಿ ನೋಡಿಕೊಳ್ಳುವ ಏರ್ಪಾಡು ಮಾಡಿದಾಗ ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ನಮ್ಮಲ್ಲಿ ಅಂಗನವಾಡಿ ಇದೆ. ಮೂರು ವರ್ಷದೊಳಗಿನ ಕೂಸುಗಳಿಗೆಂದು ೨೦೨೩ರಲ್ಲಿ ಕರ್ನಾಟಕ ಸರಕಾರವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಆರಂಭಿಸಿತು. ನಿಮ್ಮ ಪಂಚಾಯಿತಿಯಲ್ಲಿ ಇದ್ದರೆ ಬಳಸಿಕೊಳ್ಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಸುಗ್ಗಿಯಲ್ಲಿ ಓಣಿಯ ಹೆಣ್ಣುಮಕ್ಕಳು ಸರದಿಯ ಮೇಲೆ ಒಬ್ಬರು ಉಳಿದು ಎಲ್ಲರ ಕೂಸುಗಳನ್ನೂ ನೋಡಿಕೊಳ್ಳಬಹುದು.

ಎತ್ತು ಹೂಡದ ದಿನ ಬಂದಾಗ ಒಂದೊಂದು ಕೆಲಸ ಮುಗಿಸಿ. ಮೊದಲನೆಯ ದಿನ ಕೊಳವೆ ಬಾವಿಯ ಮುಚ್ಚಳ. ಎರಡನೆಯ ದಿನ ಔಷಧಿಯ ಪೆಟ್ಟಿಗೆಗೆ ಬೀಗ. ಮೂರನೆಯ ದಿನ ತೊಟ್ಟಿಗೆ ಮುಚ್ಚಳ, ಹೊಂಡಕ್ಕೆ ಬೇಲಿ. ಬಕೆಟ್ಟು ಬೋರಲು ಹಾಕುವುದಕ್ಕೆ ಮಾತ್ರ ಯಾವ ದಿನವನ್ನೂ ಕಾಯಬೇಕಿಲ್ಲ. ಇದನ್ನು ಓದಿ ಮುಗಿಸಿದ ಕೂಡಲೆ ಎದ್ದು ಮಾಡಿ.