ನವಜಾತ ಶಿಶುವಿನ ನಿಗಾ ಘಟಕ ಮತ್ತು ಕಾಂತಕ್ಷೇತ್ರದ ಅಳತೆ

ಗರ್ಭದ 37 ವಾರಗಳು ತುಂಬುವ ಮೊದಲೇ ಜನಿಸಿದ ಶಿಶುವಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಕಡಿಮೆ. ಇಂತಹ ಶಿಶುವನ್ನು ಬೆಚ್ಚಗಿಡುವ ಪಾರದರ್ಶಕ ಪೆಟ್ಟಿಗೆಯೇ ಇನ್‌ಕ್ಯುಬೇಟರ್. ಅದರ ಹೀಟರು ಗಾಳಿಯನ್ನು ಕಾಯಿಸುತ್ತದೆ. ಮೋಟಾರಿನಿಂದ ತಿರುಗುವ ಫ್ಯಾನು ಆ ಗಾಳಿಯನ್ನು ಪೆಟ್ಟಿಗೆಯೊಳಗೆ ಹರಿಸುತ್ತದೆ. ಅಸಂಖ್ಯಾತ ಶಿಶುಗಳ ಪ್ರಾಣವನ್ನು ಉಳಿಸಿರುವ ಈ ಸಾಧನದ ಮೋಟಾರು ಹಲವು ಮಾದರಿಗಳಲ್ಲಿ ಹಾಸಿಗೆಯ ಕೆಳಗೇ ಇರುತ್ತದೆ. ಆದುದರಿಂದ ಅದರ ಸುತ್ತಲಿನ ಕಾಂತಕ್ಷೇತ್ರ ಶಿಶುವನ್ನೂ ತಲುಪುತ್ತದೆ. ಅದು ಎಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು.

ಕಾಂತಕ್ಷೇತ್ರ ಎಂದರೇನು?

ವಿದ್ಯುತ್ತು ಹರಿಯುವ ಕಡೆಯಲ್ಲೆಲ್ಲ ಕಾಂತಕ್ಷೇತ್ರ ಉಂಟಾಗುತ್ತದೆ. ನಮ್ಮ ದೇಶದಲ್ಲಿ ಪೂರೈಕೆಯಾಗುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳುಳ್ಳದ್ದು; ಅದರ ಕಾಂತಕ್ಷೇತ್ರವೂ ಅದೇ ಗತಿಯಲ್ಲಿ ಬದಲಾಗುತ್ತದೆ. ಇದು ಕ್ಷ-ಕಿರಣದಂತಹ ವಿಕಿರಣವಲ್ಲ. ಇದನ್ನು ಮೈಕ್ರೋಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಪ್ಲಾಸ್ಟಿಕ್ ಗೋಡೆಯಾಗಲಿ ಹಾಸಿಗೆಯಾಗಲಿ ಇದನ್ನು ತಡೆಯಲಾರದು. ಆದರೆ ದೂರ ಹೆಚ್ಚಿದಂತೆ ಇದು ಬೇಗ ಕ್ಷೀಣಿಸುತ್ತದೆ. ಸಣ್ಣ ಮೋಟಾರಿನಿಂದ ಇರುವ ದೂರವನ್ನು ಇಮ್ಮಡಿಗೊಳಿಸಿದರೆ ಕ್ಷೇತ್ರವು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಅಳೆಯುವ ಕ್ರಮ

ಶಿಶುವನ್ನು ಮಲಗಿಸಿರದ ಇನ್‌ಕ್ಯುಬೇಟರನ್ನು ಚಾಲನೆಯಲ್ಲಿಟ್ಟು ಅಳೆಯುವುದು ಸೂಕ್ತ. ಮೊದಲು ಉಪಕರಣವನ್ನು ನಿಲ್ಲಿಸಿ ಕೋಣೆಯಲ್ಲಿ ಸಹಜವಾಗಿರುವ ಕ್ಷೇತ್ರವನ್ನು ಗುರುತಿಸಿಕೊಳ್ಳಬೇಕು. ಅನಂತರ ಉಪಕರಣವನ್ನು ನಡೆಸಿ, ಹಾಸಿಗೆಯ ಮಟ್ಟದಲ್ಲಿ ಶಿಶುವಿನ ತಲೆ, ಎದೆ ಮತ್ತು ಕಾಲುಗಳು ಇರುವ ಜಾಗಗಳಲ್ಲಿ ಮಾಪಕವನ್ನಿಟ್ಟು ಅಳೆಯಬೇಕು. ಹೀಟರು ಆಗಾಗ ನಿಂತು ಮತ್ತೆ ನಡೆಯುವುದರಿಂದ ಎರಡೂ ಸ್ಥಿತಿಗಳ ಅಳತೆ ಅಗತ್ಯ.

ಕ್ಷೇತ್ರಕ್ಕೆ ದಿಕ್ಕೂ ಇರುವುದರಿಂದ ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿ ಅಳೆದು, ಮೂರರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುತ್ತಾರೆ. ಮೂರು ಅಳತೆಗಳು 0.3, 0.4 ಮತ್ತು 1.2 ಮೈಕ್ರೋಟೆಸ್ಲಾ ಆಗಿದ್ದರೆ ಒಟ್ಟು ಕ್ಷೇತ್ರ 1.3 ಮೈಕ್ರೋಟೆಸ್ಲಾ.

ಶಿಶು ಎಷ್ಟು ಹೊತ್ತು ಎಲ್ಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉದಾಹರಣೆಗೆ, ದಿನದ 20 ಗಂಟೆ 1 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿಯೂ, 4 ಗಂಟೆ ತಾಯಿಯ ಮಡಿಲಿನಲ್ಲಿ 0.1 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿಯೂ ಇರುವ ಶಿಶುವಿನ ದಿನದ ಸರಾಸರಿ 0.85 ಮೈಕ್ರೋಟೆಸ್ಲಾ ಆಗುತ್ತದೆ.

ಮೊಬೈಲ್ ಫೋನು ಮತ್ತು ನಿಸ್ತಂತು ಸಾಧನಗಳ ರೇಡಿಯೋ ಅಲೆಗಳನ್ನು ಈ ಮಾಪಕ ತೋರಿಸಲಾರದು. ಅದಕ್ಕೆ ಬೇರೆ ಮಾಪಕವೇ ಬೇಕು.

ಅಂಕಿಗಳ ಅರ್ಥ

ಅಯಾನೀಕರಿಸದ ವಿಕಿರಣಗಳಿಂದ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಆಯೋಗವು 2010ರಲ್ಲಿ ಸಾರ್ವಜನಿಕರಿಗೆ ಸೂಚಿಸಿದ ಮಟ್ಟ, 50 ಆವರ್ತನೆಯ ಕ್ಷೇತ್ರಕ್ಕೆ, 200 ಮೈಕ್ರೋಟೆಸ್ಲಾ. ಕೆಲವು ಇನ್‌ಕ್ಯುಬೇಟರುಗಳ ಹಾಸಿಗೆಯ ಮೇಲೆ 1 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿನ ಅಳತೆಗಳು ದಾಖಲಾಗಿವೆ. ಅವು ಈ ಮಟ್ಟಕ್ಕಿಂತ ಬಹಳ ಕೆಳಗಿವೆ. ಆದರೆ ಆ ಮಟ್ಟವನ್ನು ನರಗಳ ಉದ್ರೇಕದಂತಹ ತಕ್ಷಣದ ಪರಿಣಾಮಗಳನ್ನು ಆಧರಿಸಿ ಗೊತ್ತುಪಡಿಸಲಾಗಿದೆ.

ಮನೆಗಳಲ್ಲಿ ದೀರ್ಘಕಾಲದ ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾ ಮೀರಿದ ಕಡೆ ಮಕ್ಕಳ ರಕ್ತದ ಕ್ಯಾನ್ಸರ್ ತುಸು ಹೆಚ್ಚಾಗಿರುವುದನ್ನು ಕೆಲವು ಅಧ್ಯಯನಗಳು ತೋರಿಸಿದ್ದವು. ಇದನ್ನು ಪರಿಗಣಿಸಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಇಂತಹ ಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದ’ ವರ್ಗಕ್ಕೆ ಸೇರಿಸಿತು. ಕಾರಣ-ಪರಿಣಾಮದ ಸಂಬಂಧವು ಸಿದ್ಧಪಟ್ಟಿಲ್ಲ. ಅಲ್ಲದೆ, ಮನೆಯಲ್ಲಿ ಕಳೆದ ವರ್ಷಗಳನ್ನು ಇನ್‌ಕ್ಯುಬೇಟರಿನಲ್ಲಿ ಕಳೆದ ದಿನಗಳಿಗೆ ನೇರವಾಗಿ ಹೋಲಿಸಲಾಗದು.

ಇಟಲಿಯ ಸಿಯೆನಾ ನಗರದ ವೈದ್ಯರು 43 ಶಿಶುಗಳ ಅಧ್ಯಯನವೊಂದನ್ನು 2008ರಲ್ಲಿ ಪ್ರಕಟಿಸಿದರು. ಮೋಟಾರು ನಡೆಯುವಾಗ ಶಿಶುಗಳ ಹೃದಯ ಬಡಿತದ ಏರಿಳಿತದಲ್ಲಿ ಬದಲಾವಣೆ ಕಂಡುಬಂದಿತು. ಶಬ್ದವನ್ನು ಮಾತ್ರ ಕೇಳಿಸಿದ ಇನ್ನೊಂದು ಗುಂಪಿನಲ್ಲಿ ಅದು ಕಾಣಲಿಲ್ಲ. ಅಧ್ಯಯನ ಚಿಕ್ಕದು, ಈ ಬದಲಾವಣೆಯಿಂದ ಹಾನಿಯಾಗುತ್ತದೆಂದು ಅದು ಸಾಧಿಸಿಲ್ಲ. ಆದರೂ ತಾನಾಗಿ ಸರಿದು ಮಲಗಲಾರದ ಶಿಶುವಿನ ವಿಷಯದಲ್ಲಿ ಅಳತೆ ಏಕೆ ಅಗತ್ಯ ಎಂಬುದನ್ನು ಅದು ತೋರಿಸಿತು.

ಆಸ್ಪತ್ರೆಗಳು ಕೈಗೊಳ್ಳಬಹುದಾದ ಕ್ರಮಗಳು

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ, ಆರೋಗ್ಯಕ್ಕೆ ದೊರೆಯುವ ಪ್ರಯೋಜನಗಳಿಗೆ ಧಕ್ಕೆಯಾಗದಂತೆ, ಅಲ್ಪ ವೆಚ್ಚದ ಮುನ್ನೆಚ್ಚರಿಕೆಗಳನ್ನು ಕೈಗೊಳ್ಳುವುದು ಯುಕ್ತವೆಂದು ತಿಳಿಸಿತು. ಇದಕ್ಕೆ ಅನುಗುಣವಾದ ಕೆಲವು ಕ್ರಮಗಳು ಇಂತಿವೆ:

1. ಚಿಕಿತ್ಸೆಗೆ ಅಡ್ಡಿಯಿಲ್ಲದಿದ್ದರೆ ಶಿಶುವಿನ ತಲೆಯನ್ನು ಮೋಟಾರಿನಿಂದ ದೂರದ ಬದಿಗೆ ಇರಿಸುವುದು.

2. ಪಂಪು, ಅಡಾಪ್ಟರು ಮುಂತಾದವುಗಳನ್ನು ತಲೆಯ ಸಮೀಪದಲ್ಲಿ ಇಡದಿರುವುದು. ವಿದ್ಯುತ್ ಫಲಕವಿರುವ ಗೋಡೆಯಿಂದ ಹಾಸಿಗೆಯನ್ನು ದೂರವಿಡುವುದು.

3. ಹೊಸ ಉಪಕರಣವನ್ನು ಕೊಳ್ಳುವಾಗ ಹಾಸಿಗೆಯ ಮಟ್ಟದ ಅಳತೆಯನ್ನು ತಯಾರಕರಿಂದ ಕೇಳಿ ಪಡೆಯುವುದು.

4. ವೈದ್ಯರು ಒಪ್ಪಿದಾಗ ಶಿಶುವನ್ನು ತಾಯಿಯ ಎದೆಗೆ ತಾಗಿಸಿ ಬೆಚ್ಚಗಿಡುವ ‘ಕಾಂಗರೂ ಆರೈಕೆ’ಗೆ ಅವಕಾಶ ನೀಡುವುದು. ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಜನಿಸಿದ ಶಿಶುಗಳಿಗೆ ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಈ ಆರೈಕೆ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿದೆ. ಶಿಶುವಿನ ಜೀವರಕ್ಷಣೆಯೇ ಅದರ ಮುಖ್ಯ ಉದ್ದೇಶ. ಮೋಟಾರಿನಿಂದ ದೂರವಾಗುವುದು ಜೊತೆಗೆ ದೊರೆಯುವ ಲಾಭ.

ಪೋಷಕರ ಗಮನಕ್ಕೆ

ಕಾಂತಕ್ಷೇತ್ರದ ಭಯದಿಂದ ಇನ್‌ಕ್ಯುಬೇಟರನ್ನು ನಿರಾಕರಿಸುವುದಾಗಲಿ, ಉಪಕರಣಗಳನ್ನು ತಾವೇ ಸರಿಸುವುದಾಗಲಿ, ನಿಲ್ಲಿಸುವುದಾಗಲಿ ಕೂಡದು. ಮೈ ತಣ್ಣಗಾದರೆ ಶಿಶುವಿನ ಪ್ರಾಣಕ್ಕೇ ಅಪಾಯ. ಇದು ಸಂದೇಹವಿಲ್ಲದ ಸತ್ಯ. ಕಾಂತಕ್ಷೇತ್ರದಿಂದ ಅಂತಹ ಹಾನಿಯಾಗುವುದು ಸಿದ್ಧಪಟ್ಟಿಲ್ಲ. ಶಿಶುವನ್ನು ಯಾವಾಗ ಮತ್ತು ಎಷ್ಟು ಹೊತ್ತು ಎದೆಗೊರಗಿಸಿಕೊಳ್ಳಬಹುದು ಎಂದು ವೈದ್ಯರನ್ನೂ ದಾದಿಯರನ್ನೂ ಕೇಳಿ ತಿಳಿದುಕೊಳ್ಳುವುದು ಪ್ರತಿಯೊಬ್ಬ ತಾಯಿ-ತಂದೆಯೂ ಮಾಡಬಹುದಾದ ಕೆಲಸ.